ಹೊಸ ವಿಂಡೋಸ್ ಹಾಕಿಸಿದ ಮೇಲೆ ಹಳೆಯ ಫೈಲುಗಳು ಮರಳಿ ಸಿಗುತ್ತವೆಯೇ?

ಪ್ರಶ್ನೆ: ನಮ್ಮ ಹಳೆಯ ಲ್ಯಾಪ್‌ಟಾಪಿಗೆ ಡೊಂಬಿವಲಿಯ ಅಂಗಡಿಯೊಂದರಲ್ಲಿ ವಿಂಡೋಸ್ 11 ಹಾಕಿಸಿದೆವು. ಈಗ ಮಗಳ ಮದುವೆಯ ಫೋಟೋಗಳೂ ಇಲ್ಲ, ಸಂಘದ ಸ್ಮರಣ ಸಂಚಿಕೆಗೆಂದು ಕೂಡಿಸಿಟ್ಟ ಲೇಖನಗಳೂ ಇಲ್ಲ. ಡಿ ಡ್ರೈವ್ ಕೂಡ ಕಾಣುತ್ತಿಲ್ಲ. ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿಯಾದ ಲ್ಯಾಮಿಂಗ್ಟನ್ ರಸ್ತೆಗೆ ಒಯ್ದರೆ ಎಷ್ಟು ಸಲ ಫಾರ್ಮ್ಯಾಟ್ ಆಗಿದ್ದರೂ ತೆಗೆದುಕೊಡುತ್ತಾರಂತೆ. ನಿಜವೇ?

ಉತ್ತರ: ಡೊಂಬಿವಲಿಯ ಬದಲು ಮುಲುಂಡ್ ಎಂದಿರುತ್ತದೆ, ಮದುವೆಯ ಬದಲು ಉಪನಯನ ಎಂದಿರುತ್ತದೆ, ಪ್ರಶ್ನೆ ಮಾತ್ರ ಇದೇ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ಮೇಲಂತೂ ಇದನ್ನು ಕೇಳುವವರು ಹೆಚ್ಚಿದ್ದಾರೆ.

ಮೊದಲು ಸಿ ಡ್ರೈವನ್ನು ಒಂದೇ ಒಂದು ಸಲ ತೆರೆದು ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರ್ ಇದೆಯೇ ನೋಡಿ. ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೆಯೇ ಹೊಸ ವಿಂಡೋಸ್ ಹಾಕಿದ್ದರೆ ಹಳೆಯ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲವೂ ಅದರೊಳಗಿನ ‘ಯೂಸರ್ಸ್’ ಫೋಲ್ಡರಿನಲ್ಲಿರುತ್ತವೆ. ಸಾಮಾನ್ಯವಾಗಿ ಹತ್ತು ದಿನಗಳ ನಂತರ ವಿಂಡೋಸ್ ತಾನಾಗಿಯೇ ಅದನ್ನು ಅಳಿಸಿಬಿಡುವುದರಿಂದ, ಸಿಕ್ಕಿದರೆ ಆ ಕ್ಷಣವೇ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಸಿಗದಿದ್ದರೆ ಲ್ಯಾಪ್‌ಟಾಪನ್ನು ಆರಿಸಿ, ಮತ್ತೆ ಹಚ್ಚಬೇಡಿ. ಒನ್‌ಡ್ರೈವಿನಲ್ಲಿಯೋ ಗೂಗಲ್ ಫೋಟೋಸ್‌ನಲ್ಲಿಯೋ ಪ್ರತಿಗಳಿವೆಯೇ ಎಂಬುದನ್ನು ಮೊಬೈಲಿನಿಂದಲೇ ನೋಡಬಹುದು.

ಇನ್ನು ಲ್ಯಾಮಿಂಗ್ಟನ್ ರಸ್ತೆಯ ಮಾತು. ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವದ ಆ ಬೀದಿಯಲ್ಲಿ ನಿಜವಾಗಿಯೂ ಕೈಚಳಕ ಉಳ್ಳವರಿದ್ದಾರೆ. ಅವರ ಮೇಲೆ ನನ್ನ ಆಕ್ಷೇಪವಿಲ್ಲ. ಆಕ್ಷೇಪವಿರುವುದು ಅವರ ಹೆಸರಿನಲ್ಲಿ ನಮ್ಮ ಜನ ಹಬ್ಬಿಸಿರುವ ನಂಬಿಕೆಯ ಮೇಲೆ: ಸ್ಲೇಟಿನ ಮೇಲೆ ಅಳಿಸಿ ಬರೆದರೂ ಹಳೆಯ ಅಕ್ಷರ ಮಸುಕಾಗಿ ಕಾಣುವಂತೆ, ಹಾರ್ಡ್ ಡಿಸ್ಕಿನಲ್ಲಿಯೂ ಹೊಸದರ ಕೆಳಗೆ ಹಳೆಯದು ಉಳಿದೇ ಇರುತ್ತದೆ, ದುಡ್ಡು ಕೊಟ್ಟರೆ ಅದನ್ನು ಕೆರೆದು ತೆಗೆಯುತ್ತಾರೆ ಎಂಬುದು. ಇದು ಶುದ್ಧ ಸುಳ್ಳು. ವಿದ್ಯಾವಂತರೇ, ಅದರಲ್ಲಿಯೂ ಐಟಿ ಕಂಪನಿಗಳಲ್ಲಿ ಮಕ್ಕಳಿರುವವರೇ, ಇದನ್ನು ಗಟ್ಟಿಯಾಗಿ ವಾದಿಸುವುದರಿಂದ ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ.

ಈ ನಂಬಿಕೆಗೆ ಮೂಲವಿಲ್ಲದಿಲ್ಲ. ನ್ಯೂಜಿಲೆಂಡಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ಗುಟ್‌ಮನ್ 1996ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಅಂದಿನ ಡಿಸ್ಕುಗಳಲ್ಲಿ ಮೇಲೆ ಬರೆದ ನಂತರವೂ ಹಳೆಯ ಕಾಂತೀಯ ಜಾಡು ಸೂಕ್ಷ್ಮದರ್ಶಕಕ್ಕೆ ಸಿಗಬಹುದೆಂದು ವಾದಿಸಿ, ಅದನ್ನು ಅಳಿಸಲು 35 ಸಲ ಬರೆಯುವ ಕ್ರಮವನ್ನು ಸೂಚಿಸಿದ್ದರು. ಆ 35 ಬರಹಗಳು ಬೇರೆ ಬೇರೆ ಕಾಲದ, ಬೇರೆ ಬೇರೆ ಬಗೆಯ ಡಿಸ್ಕುಗಳಿಗೆಂದು ಒಟ್ಟುಗೂಡಿಸಿದವು. ಯಾವ ಒಂದು ಡಿಸ್ಕಿಗೂ ಅಷ್ಟೂ ಬೇಕಾಗಿರಲಿಲ್ಲ. ಜನರು ಅದನ್ನು ತಾಂತ್ರಿಕ ವಿಶ್ಲೇಷಣೆಯೆಂದು ನೋಡದೆ ಭೂತ ಬಿಡಿಸುವ ಮಂತ್ರದಂತೆ ಜಪಿಸುತ್ತಿದ್ದಾರೆಂದು ಮುಂದೆ ಗುಟ್‌ಮನ್ ಅವರೇ ಬರೆದರು. ಆ ಮಾತು ನಮ್ಮವರೆಗೆ ಬರಲಿಲ್ಲ, ಮಂತ್ರ ಮಾತ್ರ ಬಂತು.

2008ರಲ್ಲಿ ಕ್ರೇಗ್ ರೈಟ್ ಮತ್ತು ಸಂಗಡಿಗರು ಇದನ್ನು ಪ್ರಯೋಗಕ್ಕೇ ಒಡ್ಡಿದರು. ಬಳಕೆಯಲ್ಲಿದ್ದ ಡಿಸ್ಕಿನ ಮೇಲೆ ಒಂದೇ ಸಲ ಬರೆದ ಬಳಿಕ, ಕೆಳಗಿದ್ದ ಒಂದು ಬಿಟ್ಟನ್ನು (ಸೊನ್ನೆ ಅಥವಾ ಒಂದು ಎಂಬ ಒಂದೇ ಗುರುತನ್ನು) ಸರಿಯಾಗಿ ಗುರುತಿಸುವ ಸಾಧ್ಯತೆ ಅವರಿಗೆ ದೊರೆತದ್ದು ಸುಮಾರು ಶೇ. 56, ಕಣ್ಣು ಮುಚ್ಚಿ ಊಹಿಸಿದರೂ ಶೇ. 50 ಸರಿಯಾಗುತ್ತದೆ. ಎಂಟು ಬಿಟ್ ಸೇರಿದರೆ ಒಂದು ಬೈಟ್, ಆದ್ದರಿಂದ ಒಂದು ಬೈಟ್ ಸರಿಯಾಗಿ ಸಿಗುವ ಸಾಧ್ಯತೆ ಶೇ. 1ಕ್ಕಿಂತಲೂ ಕಡಿಮೆ. ನಿಮ್ಮ ಮಗಳ ಒಂದೇ ಒಂದು ಫೋಟೋದಲ್ಲಿ ಲಕ್ಷಾಂತರ ಬೈಟುಗಳಿರುತ್ತವೆ. ಉಳಿದ ಲೆಕ್ಕವನ್ನು ನೀವೇ ಮಾಡಿಕೊಳ್ಳಬಹುದು. ಅಮೆರಿಕದ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ ಕೂಡ 2014ರ ಮಾರ್ಗಸೂಚಿಯಲ್ಲಿ, ಕಾಂತೀಯ ಡಿಸ್ಕಿಗೆ ಸಾಮಾನ್ಯವಾಗಿ ಒಂದೇ ಸಲ ಮೇಲೆ ಬರೆದರೆ ಸಾಕೆಂದು ಹೇಳಿದೆ.

ಹಾಗಾದರೆ ‘ನಮ್ಮ ಭಾವನ ಡಿಸ್ಕು ಸತ್ತೇ ಹೋಗಿತ್ತು, ಆದರೂ ಎಲ್ಲವೂ ಸಿಕ್ಕಿತು’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಗೊಂದಲವಿರುವುದು ಇಲ್ಲಿಯೇ. ಡಿಸ್ಕು ಕೆಟ್ಟಾಗ ಅದರ ಸರ್ಕ್ಯೂಟ್ ಬೋರ್ಡೋ ಓದುವ ಹೆಡ್ಡೋ ಹಾಳಾಗಿರುತ್ತದೆ, ತಟ್ಟೆಯ ಮೇಲಿನ ಬರಹ ಬಹುಮಟ್ಟಿಗೆ ಇದ್ದಂತೆಯೇ ಇರುತ್ತದೆ. ಭಾಗ ಬದಲಾಯಿಸಿದರೆ ಓದಬಹುದು. ನಿಮ್ಮ ಡಿಸ್ಕು ಆರೋಗ್ಯವಾಗಿಯೇ ಇದೆ, ಆದರೆ ಅದರ ಮೇಲೆ ಹೊಸ ಬರಹ ಬಿದ್ದಿದೆ. ಸತ್ತ ಡಿಸ್ಕಿಗಿಂತ, ಹೊಸ ವಿಂಡೋಸ್ ಹೊತ್ತು ಚೆನ್ನಾಗಿ ಓಡುತ್ತಿರುವ ಡಿಸ್ಕಿನಲ್ಲಿಯೇ ಆಸೆ ಕಡಿಮೆಯಿರಬಹುದು ಎಂದರೆ ಯಾರೂ ಒಪ್ಪುವುದಿಲ್ಲ, ನಿಜವಂತೂ ಅದೇ.

ಆದರೆ ಡಿಸ್ಕಿನ ಎಲ್ಲ ಜಾಗದ ಮೇಲೂ ಹೊಸ ಬರಹ ಬಿದ್ದಿರುವುದಿಲ್ಲ. ಹೊಸ ವಿಂಡೋಸ್ ಹಾಕುವಾಗ ಆಗುವುದು ಕ್ವಿಕ್ ಫಾರ್ಮ್ಯಾಟ್. ಅದು ಫೈಲುಗಳ ಪಟ್ಟಿಯನ್ನು ಹೊಸದಾಗಿ ಬರೆಯುತ್ತದೆಯೇ ಹೊರತು ಫೈಲುಗಳನ್ನು ಮುಟ್ಟುವುದಿಲ್ಲ. ಅನಂತರ ವಿಂಡೋಸ್ 20 ಜಿಬಿಗೂ ಹೆಚ್ಚು ಜಾಗ ತುಂಬುತ್ತದೆ, ಅಪ್‌ಡೇಟುಗಳು ಮತ್ತಷ್ಟನ್ನು ನುಂಗುತ್ತವೆ. ಅದರಡಿ ಸಿಲುಕಿದ್ದು ಹೋಯಿತು, ಸಿಲುಕದ್ದು ಇದೆ. ಆರಿಸಿಡಿ ಎಂದದ್ದು ಇದಕ್ಕಾಗಿಯೇ.

ನಿಮ್ಮ ಡಿ ಡ್ರೈವಿನ ಕಥೆ ಬೇರೆಯಾಗಿರಬೇಕು. ಹಳೆಯ ಕಂಪ್ಯೂಟರುಗಳ ಡಿಸ್ಕು ಅನೇಕ ವೇಳೆ ಎಂಬಿಆರ್ ಎಂಬ ಹಳೆಯ ಬಗೆಯ ವಿಭಜನೆಯಲ್ಲಿರುತ್ತದೆ, ವಿಂಡೋಸ್ 11ಕ್ಕೆ ಜಿಪಿಟಿ ಎಂಬ ಹೊಸ ಬಗೆ ಬೇಕು. ಫೈಲು ಅಳಿಸದೆ ಬದಲಾಯಿಸಲು ‘ಎಂಬಿಆರ್‌ಟುಜಿಪಿಟಿ’ ಎಂಬ ಸಾಧನವನ್ನು ಮೈಕ್ರೋಸಾಫ್ಟ್ 2017ರಿಂದಲೂ ವಿಂಡೋಸಿನಲ್ಲಿಯೇ ಕೊಟ್ಟಿದ್ದರೂ, ಅವಸರದ ಕೈಗಳು ಸಿ, ಡಿ ಎಂದು ಭಾಗ ಮಾಡಿದ್ದ ಎಲ್ಲ ಪಾರ್ಟಿಷನ್‌ಗಳನ್ನೂ ಅಳಿಸಿ ಒಂದೇ ಮಾಡಿಬಿಡುತ್ತವೆ. ಹೊಸ ಬರಹ ಹೆಚ್ಚಾಗಿ ಡಿಸ್ಕಿನ ಆರಂಭದ ಭಾಗದಲ್ಲಿ ಬೀಳುವುದರಿಂದ ಡಿಸ್ಕಿನ ಹಿಂಭಾಗದಲ್ಲಿದ್ದ ಡಿ ಡ್ರೈವ್ ಉಳಿದಿರುವ ಸಂಭವ ಹೆಚ್ಚು.

ಡಿಸ್ಕನ್ನು ಹೊರತೆಗೆಸಿ, ಯುಎಸ್‌ಬಿ ಕೇಬಲಿನಿಂದ ಬೇರೆ ಕಂಪ್ಯೂಟರಿಗೆ ಜೋಡಿಸಿ, ಮೊದಲು ಇಡೀ ಡಿಸ್ಕಿನ ಇಮೇಜ್ (ಯಥಾವತ್ ಪ್ರತಿ) ತೆಗೆಸಿ, ಹುಡುಕಾಟವನ್ನು ಆ ಇಮೇಜಿನ ಮೇಲೆ ಮಾಡಿಸಬೇಕು. ಕಳೆದ ಪಾರ್ಟಿಷನ್ ಹುಡುಕಲು ಟೆಸ್ಟ್‌ಡಿಸ್ಕ್, ಬಿಡಿ ಫೈಲು ಹೆಕ್ಕಲು ಫೋಟೋರೆಕ್ ಇವೆ, ಎರಡೂ ಉಚಿತ. ಫೋಟೋರೆಕ್ ಹೆಕ್ಕಿದ ಫೈಲುಗಳಿಗೆ ಹಳೆಯ ಹೆಸರೂ ಫೋಲ್ಡರೂ ಇರುವುದಿಲ್ಲ. ಸಾವಿರಾರು ಚಿತ್ರಗಳ ರಾಶಿಯಲ್ಲಿ ನೀವೇ ಆರಿಸಿಕೊಳ್ಳಬೇಕು. ಇಂಥ ಸಾಫ್ಟ್‌ವೇರನ್ನು ಫೈಲು ಕಳೆದುಕೊಂಡ ಡಿಸ್ಕಿಗೇ ಇಳಿಸಿಕೊಂಡು ಅದರ ಮೇಲೆ ಮತ್ತೆ ಬರೆಯುವವರಿಗೆ ಏನು ಹೇಳಬೇಕೋ ನನಗೆ ತೋಚುವುದಿಲ್ಲ.

ಇದೆಲ್ಲ ತಿರುಗುವ ಹಾರ್ಡ್ ಡಿಸ್ಕಿನ ಮಾತು. ತಿರುಗುವ ತಟ್ಟೆಯಿಲ್ಲದೆ ಚಿಪ್ಪುಗಳಲ್ಲಿ ಬರೆದಿಡುವ ಎಸ್‌ಎಸ್‌ಡಿಯಾಗಿದ್ದರೆ, ಫಾರ್ಮ್ಯಾಟ್ ಆಗುವಾಗಲೇ ವಿಂಡೋಸ್ ‘ಟ್ರಿಮ್’ ಆಜ್ಞೆಯನ್ನು ಕಳಿಸಿ ಹಳೆಯ ಜಾಗವೆಲ್ಲ ಖಾಲಿಯೆಂದು ತಿಳಿಸುತ್ತದೆ. ಆಮೇಲೆ ಓದಿದರೆ ಸಾಮಾನ್ಯವಾಗಿ ಬರೀ ಸೊನ್ನೆಗಳು ಬರುತ್ತವೆ. ಹಳೆಯ ವಿಂಡೋಸಿನಲ್ಲಿ ಡಿಸ್ಕಿನ ಬರಹಕ್ಕೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ರಿಕವರಿ ಕೀಯೂ ಬೇಕು. ಇವೆರಡರಲ್ಲಿ ಯಾವುದಾದರೂ ನಿಮ್ಮದಾಗಿದ್ದರೆ ಖರ್ಚು ಮಾಡುವ ಮೊದಲೇ ಅಂಗಡಿಯವರನ್ನು ಸ್ಪಷ್ಟವಾಗಿ ಕೇಳಿ.

ನೀವು ಕೇಳದಿದ್ದರೂ ಸ್ಮರಣ ಸಂಚಿಕೆಯ ಲೇಖನಗಳ ಬಗ್ಗೆ ಒಂದು ಮಾತು ಹೇಳಬೇಕು. ಅವು ಸಿಕ್ಕಿದ ದಿನ ವರ್ಡ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು ಕಾಣಬಹುದು, ‘ಫೈಲು ಕರಪ್ಟ್ ಆಗಿದೆ’ ಎಂದು ಯಾರಾದರೂ ಅಳಿಸಿಬಿಡಲೂಬಹುದು. ದಯವಿಟ್ಟು ಅಳಿಸಬೇಡಿ. ನಮ್ಮ ಸಂಘಗಳ ಹಳೆಯ ಬರಹಗಳು ಬಹುತೇಕ ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಅಥವಾ ಪುಣೆಯಲ್ಲಿ ತಯಾರಾದ ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿವೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿರುವುದರಿಂದ, ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇಲ್ಲದಾಗ ಗೋಜಲು ಮಾತ್ರ ಉಳಿಯುತ್ತದೆ. ವರ್ಡ್‌ನ ಫಾಂಟ್ ಪೆಟ್ಟಿಗೆಯಲ್ಲಿ ಬರೆದಿರುವ ಹೆಸರನ್ನು ನೋಡಿ, ಅದೇ ಫಾಂಟನ್ನು ಹಾಕಿದರೆ ಲೇಖನ ಮೊದಲಿನಂತೆ ಕಾಣುತ್ತದೆ. ಹಾಗೆ ಕಂಡ ಮೇಲೆ ಪರಿವರ್ತಕದ ಮೂಲಕ, ಯಾವ ಕಂಪ್ಯೂಟರಿನಲ್ಲಿಯೂ ಕನ್ನಡವಾಗಿಯೇ ಕಾಣುವ ಯುನಿಕೋಡಿಗೆ ಬದಲಾಯಿಸಿ, ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಿ, ಮೂಲ ಫೈಲನ್ನೂ ಜೊತೆಗೇ ಇಟ್ಟುಕೊಳ್ಳಿ. ಪರಿವರ್ತಕಗಳು ಹೆಚ್ಚಾಗಿ ಎಡವುವುದು ಆ ಅರ್ಕಾವತ್ತು, ಒತ್ತಕ್ಷರಗಳಲ್ಲಿಯೇ.