ತುಕ್ಕು ಕೊರೆಯುವುದು ಗಾಳಿ ತಲುಪದ ಕಡೆ

ಹಳೇ ಬೈಕಿನ ಟ್ಯಾಂಕನ್ನು ಮನೆಯಲ್ಲೇ ಹೊಸದು ಮಾಡಲು ಹೊರಟವರು ಮೊದಲು ಕೊಳ್ಳುವುದು ಬಣ್ಣ. ತುಕ್ಕನ್ನು ಮೇಲೆ ಮೇಲೆ ಉಜ್ಜಿ, ಪುಟ್ಟಿ ಮೆತ್ತಿ, ಎರಡು ಕೋಟ್ ಹೊಡೆದರೆ ಗಾಳಿ ಸಿಗದೆ ತುಕ್ಕು ನಿಲ್ಲುತ್ತದೆ ಅನ್ನುವ ನಂಬಿಕೆ ಬಹಳ ಜನರಿಗಿದೆ. ಆಗುವುದು ಪೂರ್ತಿ ಉಲ್ಟಾ.

ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಇವಾನ್ಸ್ 1920ರ ದಶಕದಲ್ಲಿ ಇದನ್ನು ಒಂದೇ ಒಂದು ಹನಿಯಲ್ಲಿ ತೋರಿಸಿದರು. ನುಣ್ಣಗೆ ಉಜ್ಜಿದ ಉಕ್ಕಿನ ತಗಡು, ಅದರ ಮೇಲೆ ಒಂದು ಹನಿ ಉಪ್ಪುನೀರು. ಕಬ್ಬಿಣ ಕರಗಿದ ಕಡೆ ನೀಲಿ, ಕ್ಷಾರ ಹುಟ್ಟಿದ ಕಡೆ ಗುಲಾಬಿ ಆಗುವಂಥ ಎರಡು ರಾಸಾಯನಿಕಗಳು ಆ ನೀರಿನಲ್ಲಿದ್ದವು. ಸ್ವಲ್ಪ ಹೊತ್ತಿಗೆ ಹನಿಯ ನಡುವೆ ನೀಲಿ, ಸುತ್ತಲಿನ ಅಂಚಿಗೆ ಗುಲಾಬಿ, ಎರಡರ ಮಧ್ಯೆ ಕಂದು ತುಕ್ಕಿನ ಉಂಗುರ! ಅಂಚಿನಲ್ಲಿ ನೀರು ತೆಳು, ಗಾಳಿಯ ಆಕ್ಸಿಜನ್ ಬೇಗ ತಗಡನ್ನು ಮುಟ್ಟುತ್ತದೆ. ಆ ಆಕ್ಸಿಜನ್‌ಗೆ ಎಲೆಕ್ಟ್ರಾನ್ ಬೇಕು. ಪಡೆಯುವುದು ಅಂಚಿನಲ್ಲಿ, ಆದರೆ ಕೊಡುವುದು ಹನಿಯ ನಡುವಿನ ಕಬ್ಬಿಣ. ಎಲೆಕ್ಟ್ರಾನ್‌ಗಳು ತಗಡಿನೊಳಗೇ ಹರಿದು ಅಂಚು ಸೇರುತ್ತವೆ. ಅವನ್ನು ಕಳೆದುಕೊಂಡ ಕಬ್ಬಿಣ ಅಯಾನಾಗಿ, ಅಂದರೆ ವಿದ್ಯುದಂಶವಿರುವ ಕಣವಾಗಿ, ನೀರಿಗಿಳಿಯುತ್ತದೆ. ಆ ಹನಿಯೊಂದು ಪುಟ್ಟ ಬ್ಯಾಟರಿ. ಗಾಳಿ ಚೆನ್ನಾಗಿ ಸಿಕ್ಕ ಜಾಗ ಉಳಿಯುತ್ತದೆ, ಸಿಗದ ಜಾಗ ತೂತಾಗುತ್ತದೆ.

ಈಗ ಬಣ್ಣದ ಸಂಗತಿ ನೋಡಿ. ತುಕ್ಕಿನ ಪುಡಿಯ ಮೇಲೆ ಬಣ್ಣ ಗಟ್ಟಿಯಾಗಿ ಕೂರುವುದಿಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ನೀರು ಅಡಿಗೆ ನುಸುಳುತ್ತದೆ. ಬಿರುಕಿನ ಬಾಯಲ್ಲಿ ಆಕ್ಸಿಜನ್ ಜಾಸ್ತಿ, ಬಣ್ಣದಡಿ ಕಡಿಮೆ. ಇವಾನ್ಸರ ಹನಿಯಲ್ಲಿ ಆದದ್ದೇ ಇಲ್ಲೂ ಆಗುತ್ತದೆ. ಹುಟ್ಟಿದ ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಕು. ಅದಕ್ಕೇ ಬಣ್ಣ ಗುಳ್ಳೆ ಏಳುತ್ತದೆ.

ಟ್ಯಾಂಕಿನ ಒಳಗಿನದು ಇನ್ನೂ ಮುಖ್ಯ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಹೆಚ್ಚಿನ ಜಾವಾ, ಯೆಜ್ಡಿ ಬೈಕುಗಳಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಿ ಹಾಕಬೇಕಿತ್ತು. ಎಣ್ಣೆ ಇದ್ದ ಮೇಲೆ ತುಕ್ಕು ಹೇಗೆ ಹಿಡಿಯುತ್ತೆ ಅಂತ ಕೇಳುವವರಿದ್ದಾರೆ. ಅರ್ಧ ಖಾಲಿ ಟ್ಯಾಂಕು ರಾತ್ರಿ ತಣ್ಣಗಾದಾಗ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ತೇವ ಹನಿಗಟ್ಟಿ ಇಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಹಾಗಾಗಿ ಎಲ್ಲದರ ಅಡಿಗೆ ಹೋಗಿ ಕೂರುತ್ತದೆ. ಹಳೇ ಟ್ಯಾಂಕುಗಳು ಬುಡದಲ್ಲೇ ಜಾಸ್ತಿ ಸೋರುವುದು ಇದರಿಂದ.

ಎಲೆಕ್ಟ್ರಾನ್ ಕಳೆದುಕೊಂಡು ಆದದ್ದನ್ನು ಎಲೆಕ್ಟ್ರಾನ್ ಕೊಟ್ಟು ತಡೆಯಬಹುದಲ್ವಾ? 1824ರಲ್ಲಿ ವಿಜ್ಞಾನಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳಿಗೆ ಇದನ್ನೇ ಮಾಡಿದರು. ಹಡಗಿನ ತಳದ ತಾಮ್ರದ ಹಾಳೆಗೆ ಸತು, ಕಬ್ಬಿಣದ ತುಂಡು ಜೋಡಿಸಿದರು. ಆ ತುಂಡುಗಳು ಎಲೆಕ್ಟ್ರಾನ್ ಕೊಟ್ಟು ತಾವು ಸವೆದವು, ತಾಮ್ರ ಉಳಿಯಿತು. ಆದರೆ ಕರಗುವ ತಾಮ್ರವೇ ಕಡಲ ಚಿಪ್ಪುಜೀವಿಗಳಿಗೆ ವಿಷವಾಗಿತ್ತು. ಕರಗುವುದು ನಿಂತ ಮೇಲೆ ಅವು ತಳಕ್ಕೆಲ್ಲ ಮುತ್ತಿಕೊಂಡು ಹಡಗಿನ ವೇಗ ಕುಗ್ಗಿತು. ವಿಜ್ಞಾನ ಸರಿಯಿತ್ತು, ಹಡಗಿಗೆ ಹೊಂದಲಿಲ್ಲ.

ಟ್ಯಾಂಕಿಗೆ ಮಾತ್ರ ಚೆನ್ನಾಗಿ ಹೊಂದುತ್ತದೆ. ಇಳಿಜಾರಿಗೆ ಹರಿಯುವ ನೀರನ್ನು ಪಂಪು ಮೇಲಕ್ಕೆ ತಳ್ಳುವ ಹಾಗೆ ಬ್ಯಾಟರಿ ಚಾರ್ಜರ್ ಎಲೆಕ್ಟ್ರಾನ್‌ಗಳನ್ನು ಕಬ್ಬಿಣಕ್ಕೆ ತಳ್ಳುತ್ತದೆ. ಪೆಟ್ರೋಲ್ ಕಾಕ್ ಬಿಚ್ಚಿ, ಆ ತೂತು ಮುಚ್ಚಿ. ಲೀಟರಿಗೆ ಒಂದು ಚಮಚ ವಾಷಿಂಗ್ ಸೋಡ ಬೆರೆಸಿದ ನೀರನ್ನು ಟ್ಯಾಂಕಿನ ತುಂಬ ಹಾಕಿ. ಮೈನಸ್ ತಂತಿ ಟ್ಯಾಂಕಿಗೆ, ಪ್ಲಸ್ ತಂತಿ ಬಾಯಿಂದ ಇಳಿಬಿಟ್ಟ ಸಾದಾ ಕಬ್ಬಿಣದ ಸರಳಿಗೆ. ಸರಳು ಟ್ಯಾಂಕಿಗೆ ತಾಗಬಾರದು. ಕೆಂಪು ತುಕ್ಕಿನ ಒಂದು ಪಾಲು ಮ್ಯಾಗ್ನಟೈಟ್ ಅನ್ನುವ ಕಪ್ಪು ಕಬ್ಬಿಣದ ಆಕ್ಸೈಡ್ ಆಗುತ್ತದೆ, ಗುಳ್ಳೆಗಳು ಅದನ್ನು ಸಡಿಲಿಸಿ ಉದುರಿಸುತ್ತವೆ. ಆಸಿಡ್ ಒಳ್ಳೆಯ ಕಬ್ಬಿಣವನ್ನೂ ತಿನ್ನುತ್ತದೆ, ಇದು ತಿನ್ನುವುದಿಲ್ಲ. ಆದರೆ ಆಗಲೇ ಬಿದ್ದ ತೂತು ಮುಚ್ಚುವುದಿಲ್ಲ. ಅದಕ್ಕೆ ಬೆಸುಗೆಯೇ ಬೇಕು.

ಸ್ಟೇನ್‌ಲೆಸ್ ಸ್ಟೀಲ್ ಸರಳು ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಸೋಡದ ಬದಲು ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಬರುತ್ತದೆ. ತುಕ್ಕು ಉದುರಿಸುವ ಗುಳ್ಳೆಗಳಲ್ಲಿರುವುದು ಬೆಂಕಿ ಹಿಡಿಯುವ ಹೈಡ್ರೋಜನ್, ಆದ್ದರಿಂದ ಕೆಲಸ ಬಯಲಲ್ಲೇ ಆಗಲಿ. ಕ್ಲಿಪ್ ತೆಗೆಯುವ ಮುಂಚೆ ಚಾರ್ಜರಿನ ಸ್ವಿಚ್ ಆರಿಸಿ. ಇದೆಲ್ಲಕ್ಕೂ ಮೊದಲು ಟ್ಯಾಂಕನ್ನು ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ತೊಳೆಯಿರಿ. ಖಾಲಿ ಟ್ಯಾಂಕು ಅಪಾಯವಿಲ್ಲ ಅಂದುಕೊಳ್ಳಬೇಡಿ. ಗಾಳಿಯಲ್ಲಿ ಪೆಟ್ರೋಲಿನ ಆವಿ ನೂರಕ್ಕೆ ಸುಮಾರು 1.4ರಿಂದ 7.6ರಷ್ಟು ಇದ್ದಾಗ ಬೆಂಕಿ ಹಿಡಿಯುತ್ತದೆ. ಖಾಲಿ ಮಾಡಿ ಹಾಗೇ ಬಿಟ್ಟ ಟ್ಯಾಂಕಿನಲ್ಲಿ ಆ ಮಟ್ಟ ಸುಲಭವಾಗಿ ಬಂದುಬಿಡುತ್ತದೆ. ತೊಳೆಯದ ಟ್ಯಾಂಕಿಗೆ ಬೆಸುಗೆ ಹಚ್ಚಿದರೆ ಜೀವವೇ ಹೋಗಬಹುದು.

ನೀರು ಚೆಲ್ಲಿದ ಕೂಡಲೇ ಬಿಸಿ ಗಾಳಿಯಿಂದ ಒಣಗಿಸಿ, ಇಲ್ಲದಿದ್ದರೆ ಕಣ್ಣೆದುರೇ ಕೆಂಪಾಗುತ್ತದೆ. ಇನ್ನು ಬಣ್ಣ. ಹೊರಮೈಯನ್ನು ಹೊಳೆಯುವ ಲೋಹ ಕಾಣುವವರೆಗೆ ಎಮರಿ ಪೇಪರಿನಲ್ಲಿ ತಿಕ್ಕಿ, ಎಪಾಕ್ಸಿ ಪ್ರೈಮರ್ ಹಾಕಿ. ಸಾದಾ ಸ್ಪ್ರೇ ಡಬ್ಬಿಯ ಬಣ್ಣ ಪೆಟ್ರೋಲ್ ಚೆಲ್ಲಿದರೆ ಮೆತ್ತಗಾಗಿ ಕಿತ್ತು ಬರಬಹುದು. ಗಟ್ಟಿಯಾಗಲು ಹಾರ್ಡನರ್ ಬೆರೆಸುವ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಪೆಟ್ರೋಲನ್ನು ತಡೆಯುತ್ತದೆ, ಏಕೆಂದರೆ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಆದರೆ ಆ ಹಾರ್ಡನರಿನಲ್ಲಿರುವ ಐಸೊಸಯನೇಟ್ ಅನ್ನುವ ರಾಸಾಯನಿಕ ಉಸಿರಿಗೆ ಹೋದರೆ ಅಸ್ತಮಾ ಬರಬಹುದು. ಧೂಳಿನ ಮಾಸ್ಕು ಅದನ್ನು ತಡೆಯುವುದಿಲ್ಲ. ಈ ಕೊನೆಯ ಕೋಟನ್ನು ಮಾತ್ರ ಸ್ಪ್ರೇ ಬೂತ್ ಇರುವ ಪೇಂಟರಿಗೆ ಕೊಡಿ.