ಅಲ್ಟ್ರಾಸೌಂಡ್ ಕೊಟ್ಟರೆ ಹರಳು ಸಣ್ಣದಾಗುತ್ತದೆಯೇ?

ಕ್ಯಾಲ್ಸಿಯಂ ಕಾರ್ಬೊನೇಟ್ (ಸುಣ್ಣದ ಕಲ್ಲಿನ ಮುಖ್ಯ ವಸ್ತು) ದ್ರಾವಣದಿಂದ ಘನವಾಗಿ ಬೇರ್ಪಟ್ಟು ಅವಕ್ಷೇಪವಾಗುವಾಗ ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದಷ್ಟು ಹೆಚ್ಚಿನ ಕಂಪನದ ಶಬ್ದ, ಹಾಯಿಸಿದರೆ ಹರಳು ಸಣ್ಣದಾಗುತ್ತದೆ ಎನ್ನುವ ವರದಿಗಳಿವೆ. ಗಾತ್ರ ಅಷ್ಟೇನೂ ಬದಲಾಗಲಿಲ್ಲ, ಕಣಗಳು ಗಂಟುಕಟ್ಟಿ ದೊಡ್ಡದಾದವು ಎನ್ನುವವೂ ಇವೆ. ಮೂರೂ ಸುಳ್ಳಲ್ಲ. ಒಂದೇ ಪಾತ್ರೆಯಲ್ಲಿ ನಡೆಯುವ ಬೇರೆಬೇರೆ ಕ್ರಿಯೆಗಳನ್ನು ಒಂದೇ ಹೆಸರಿನಲ್ಲಿ ಅಳೆಯುತ್ತಾ ಬಂದದ್ದರಿಂದ ಗೋಜಲಾಗಿದೆ.

1880ರಲ್ಲಿ ಕ್ಯೂರಿ ಸಹೋದರರು ಪೀಜೋವಿದ್ಯುತ್ ಪರಿಣಾಮ, ಅಂದರೆ ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುವುದನ್ನು, ಕಂಡುಕೊಂಡರು. ಅದನ್ನೇ ತಿರುಗಿಸಿ, ವಿದ್ಯುತ್ತಿನಿಂದ ಕಂಪನ ಹುಟ್ಟಿಸಿ ಅಲ್ಟ್ರಾಸೌಂಡ್ ಪಡೆಯುತ್ತಾರೆ. ಹಡಗಿನ ಪ್ರೊಪೆಲರ್ ಯಾಕೆ ತೂತುಬೀಳುತ್ತದೆ ಎಂಬ ಪ್ರಶ್ನೆಯ ಬೆನ್ನುಹತ್ತಿದ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲಿ, ನೀರಿನಲ್ಲಿ ಗುಳ್ಳೆ ಕುಸಿಯುವಾಗ ಹುಟ್ಟುವ ಒತ್ತಡವನ್ನು 1917ರಲ್ಲಿ ಲೆಕ್ಕಹಾಕಿದರು. ಅಲ್ಟ್ರಾಸೌಂಡ್ ಹಾಯಿಸಿದಾಗಲೂ ದ್ರವದಲ್ಲಿ ಇಂಥ ಗುಳ್ಳೆಗಳು ಹುಟ್ಟಿ ಕುಸಿಯುತ್ತವೆ. 1927ರಲ್ಲಿ ಅಮೆರಿಕದ ವಿಜ್ಞಾನಿಗಳಾದ ವುಡ್ ಮತ್ತು ಲೂಮಿಸ್ ತೀವ್ರ ಅಲ್ಟ್ರಾಸೌಂಡಿನ ಪರಿಣಾಮಗಳನ್ನು ಪ್ರಕಟಿಸಿದರು. ಹರಳಿನ ಕಥೆ ಅಲ್ಲಿಂದ ಮುಂದಿನದು.

ಮೊದಲನೆಯದು, ಹರಳು ಹುಟ್ಟುವುದು. ಅತಿಸಂತೃಪ್ತ (ಕರಗಿರಬಹುದಾದ ಮಿತಿಗಿಂತ ಹೆಚ್ಚು ಕರಗಿರುವ) ದ್ರಾವಣದಲ್ಲಿ ಮೊದಲ ಹರಳು ಕಾಣಿಸಿಕೊಳ್ಳುವ ತನಕದ ಕಾಯುವಿಕೆ ಅಲ್ಟ್ರಾಸೌಂಡಿನಿಂದ ತಗ್ಗುತ್ತದೆ. ಇದರಲ್ಲಿ ಹೆಚ್ಚು ತಕರಾರಿಲ್ಲ. ಒಮ್ಮೆಗೇ ಹೆಚ್ಚು ಬೀಜಕಣಗಳು, ಅಂದರೆ ಹರಳು ಬೆಳೆಯಲು ಆರಂಭವಾಗುವ ಪುಟ್ಟ ಕಣಗಳು, ಹುಟ್ಟಿದರೆ ಇರುವ ಸರಕನ್ನೇ ಎಲ್ಲವೂ ಹಂಚಿಕೊಳ್ಳಬೇಕು, ಹಾಗಾಗಿ ಪ್ರತಿ ಹರಳೂ ಚಿಕ್ಕದು. ಬೀಜಕಣ ಯಾಕೆ ಬೇಗ ಹುಟ್ಟುತ್ತದೆ ಎಂಬುದಕ್ಕೆ ಗುಳ್ಳೆಯ ಕುಸಿತದ ಒತ್ತಡ, ಗುಳ್ಳೆಯ ಮೇಲ್ಮೈ, ಬರೀ ಕಲಕುವಿಕೆ ಎಂದು ವಾದಗಳು ಹಲವು, ತೀರ್ಮಾನ ಇಲ್ಲ.

ಎರಡನೆಯದು, ಬೆಳೆದ ಹರಳು ಒಡೆಯುವುದು. ಇಲಿನಾಯ್ ವಿಶ್ವವಿದ್ಯಾಲಯದ ಸಸ್ಲಿಕ್ ಪ್ರಯೋಗಾಲಯ 1990ರಲ್ಲಿ ತೋರಿಸಿದ ಪ್ರಕಾರ, ದ್ರವದಲ್ಲಿ ತೇಲುವ ಲೋಹದ ಪುಡಿಯ ಕಣಗಳು ಗುಳ್ಳೆ ಕುಸಿಯುವಾಗ ಹೊಮ್ಮುವ ಆಘಾತ ತರಂಗಕ್ಕೆ ಸಿಕ್ಕಿ ಒಂದಕ್ಕೊಂದು ಬಡಿದು, ಬಡಿದ ಜಾಗದಲ್ಲೇ ಕರಗಿ ಬೆಸೆದುಕೊಂಡವು. ಕರಗುವ ಬಿಂದು ಬಹಳ ಎತ್ತರವಿರುವ ಟಂಗ್‌ಸ್ಟನ್ ಮಾತ್ರ ಬೆಸೆಯಲಿಲ್ಲ. ಹಾಗಾದರೆ ಹರಳು ಒಡೆಯುವುದೂ ಪರಸ್ಪರ ಡಿಕ್ಕಿಯಿಂದಲೇ ಎಂದುಕೊಳ್ಳುವುದು ಸಹಜ. ಆದರೆ 2011ರಲ್ಲಿ ಅದೇ ಪ್ರಯೋಗಾಲಯ ಆಸ್ಪಿರಿನ್ ಹರಳುಗಳ ಮೇಲೆ ನೋಡಿದಾಗ, ಮುಖ್ಯ ಕಾರಣ ಡಿಕ್ಕಿಯಲ್ಲ, ಆಘಾತ ತರಂಗ ನೇರವಾಗಿ ಹರಳನ್ನು ಸೀಳುವುದು ಎಂದು ಕಂಡಿತು. ಆಸ್ಪಿರಿನ್ ಖನಿಜವಲ್ಲ, ನಿಜ. ಆದರೂ ಪ್ರಶ್ನೆಯನ್ನು ಬಿಡಿಸಿ ಕೇಳುವ ಬಗೆ ಅದು.

ಖನಿಜಗಳ ವಿಷಯದಲ್ಲಿ ಆ ಬಿಡಿಸುವಿಕೆ ಕಡಿಮೆ. ಮೊದಲ ಎಡವಟ್ಟು ಶಕ್ತಿಯ ಲೆಕ್ಕ. ಯಂತ್ರದ ಮೇಲೆ 100 ವಾಟ್ ಎಂದಿದ್ದರೆ ದ್ರಾವಣಕ್ಕೆ ಅಷ್ಟೇ ತಲುಪುತ್ತದೆ ಎಂದಲ್ಲ. 100 ಗ್ರಾಂ ನೀರಿಟ್ಟು, ತಣಿಸದೆ, 60 ಸೆಕೆಂಡು ಓಡಿಸಿ ಉಷ್ಣತೆ ನೋಡಬೇಕು. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಏರಿಸಲು 4.18 ಜೂಲ್ ಬೇಕು; 3 ಡಿಗ್ರಿ ಏರಿದರೆ ಒಳಗೆ ಹೋದದ್ದು 100 × 4.18 × 3 ÷ 60, ಅಂದರೆ ಸುಮಾರು 21 ವಾಟ್. ಪಾತ್ರೆ ಹೀರಿದ ಬಿಸಿ ಇದರಲ್ಲಿ ಸೇರಿಲ್ಲ. ಈ ಒಂದು ನಿಮಿಷದ ಕೆಲಸ ಮಾಡದ ಎರಡು ಫಲಿತಾಂಶಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಇನ್ನೊಂದು, ಬಿಸಿ. ಕ್ಯಾಲ್ಸಿಯಂ ಕಾರ್ಬೊನೇಟ್ ಬಿಸಿ ನೀರಿನಲ್ಲಿ ಇನ್ನೂ ಕಡಿಮೆ ಕರಗುತ್ತದೆ, ಬಿಸಿ ಹೆಚ್ಚಾದರೆ ಅದರದೇ ಇನ್ನೊಂದು ಹರಳುರೂಪವಾದ, ಸೂಜಿಯಂಥ ಅರಗೊನೈಟ್ ಬರುವ ಸಂಭವವೂ ಹೆಚ್ಚು. ಐಸ್ ನೀರಿನ ಕವಚವಿಲ್ಲದೆ, 5 ಸೆಕೆಂಡು ಆನ್, 5 ಸೆಕೆಂಡು ಆಫ್ ಎಂಬಂಥ ಬಿಡುವಿಲ್ಲದೆ ಮಾಡಿದರೆ ಅಳೆದದ್ದು ಶಬ್ದವನ್ನೋ ಬಿಸಿಯನ್ನೋ ಗೊತ್ತಾಗದು. ಗಡಸು ನೀರಾದರೆ ಅಲ್ಟ್ರಾಸೌಂಡ್ ಕಾರ್ಬನ್ ಡೈಆಕ್ಸೈಡನ್ನು ಹೊರಹಾಕುತ್ತದೆ, ಪಿಎಚ್ ಏರುತ್ತದೆ, ಅದಷ್ಟರಿಂದಲೇ ಸುಣ್ಣ ಕೂರುತ್ತದೆ. ದ್ರಾವಣದಲ್ಲಿ ಅದ್ದಿ ಅಲ್ಟ್ರಾಸೌಂಡ್ ಹಾಯಿಸುವ ಟೈಟಾನಿಯಂ ಸಲಾಕೆಯ, ಅಂದರೆ ಹಾರ್ನಿನ, ತುದಿ ಸವೆದು ಉದುರುವ ಬೂದುಬಣ್ಣದ ಪುಡಿ ಬೀಜಕಣದ ಕೆಲಸ ಮಾಡೀತು. ತುದಿ ಮಸುಕಾಗಿ ಗುಳಿಬಿದ್ದಿದ್ದರೆ ಉಜ್ಜಿ ನಯಗೊಳಿಸಬೇಕು, ತೀರಾ ಸವೆದಿದ್ದರೆ ಬದಲಿಸಬೇಕು.

ಪ್ರಯೋಗ ಕನಿಷ್ಠ ನಾಲ್ಕು ಪಾತ್ರೆ ಕೇಳುತ್ತದೆ: ಸುಮ್ಮನೆ ಬಿಟ್ಟದ್ದು, ಜೋರಾಗಿ ಕಲಕಿದ್ದು, ಬೆರೆಸಿದ ಮೊದಲ ಅರ್ಧ ನಿಮಿಷ ಮಾತ್ರ ಅಲ್ಟ್ರಾಸೌಂಡ್ ಕೊಟ್ಟದ್ದು, ಹರಳು ಬೆಳೆದ ಮೇಲೆ ಕೊಟ್ಟದ್ದು. ಕಲಕಿದ ಪಾತ್ರೆಯನ್ನೇ ಕೈಬಿಡುವ ಚಾಳಿ ಇದೆ. ಗಾತ್ರ ಇಳಿದದ್ದು ಬರೀ ಕಲಕುವಿಕೆಯಿಂದಲೋ ಎಂಬುದನ್ನು ಹೇಳಬಲ್ಲದ್ದು ಅದೇ.

ಶೋಧಿಸಿದ ಪುಡಿಯನ್ನು ಕೂಡಲೇ ಎಥನಾಲಿನಲ್ಲಿ ತೊಳೆದು ಒಣಗಿಸಬೇಕು. ಒದ್ದೆಯಾಗಿ ರಾತ್ರಿಯಿಡೀ ಬಿಟ್ಟರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಗೋಲಾಕಾರದ ರೂಪ ವಟೆರೈಟ್, ಹೆಚ್ಚು ಸ್ಥಿರ ರೂಪವಾದ ಕ್ಯಾಲ್ಸೈಟ್ ಆಗಿಬಿಡಬಹುದು. ಕಣದ ಗಾತ್ರ ಅಳೆಯುವ ಲೇಸರ್ ಯಂತ್ರ ಎಲ್ಲ ಕಣವನ್ನೂ ಗೋಲವೆಂದೇ ಎಣಿಸುತ್ತದೆ, ಆದ್ದರಿಂದ ಸೂಜಿಹರಳು ಬಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವೂ ಬೇಕು. ಅಂಥ ಎಷ್ಟೋ ಲೇಸರ್ ಯಂತ್ರಗಳ ಒಳಗೇ ಗಂಟು ಬಿಡಿಸುವ ಅಲ್ಟ್ರಾಸೌಂಡ್ ಇರುತ್ತದೆ. ಅದನ್ನು ನಿಲ್ಲಿಸಿ ಒಮ್ಮೆ, ಹಾಕಿ ಒಮ್ಮೆ ಅಳೆದರೆ, ಒಂಟಿ ಹರಳೆಷ್ಟು ಗಂಟೆಷ್ಟು ಎಂಬ ಅಂದಾಜು ಸಿಗುತ್ತದೆ.