ಊರಿನ ಕಂಪ್ಯೂಟರಿಗೆ ಬೆಂಗಳೂರಿನಿಂದ ಹೋಗುವ ದಾರಿ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಅಪ್ಪ ಅದರಲ್ಲೇ ತೋಟದ ಲೆಕ್ಕ ಬರೆದಿಡುತ್ತಾರೆ. ಸೊಸೈಟಿಗೆ ಎಷ್ಟು ಕ್ವಿಂಟಲ್ ಅಡಿಕೆ ಹೋಯಿತು, ಅಡಿಕೆ ಕೊನೆ ಇಳಿಸುವ ಕೊನೆಗೌಡರಿಗೆ ಎಷ್ಟು ಕೊಟ್ಟಾಯಿತು, ಎಲ್ಲ ಅಲ್ಲೇ. ನಾನಿರುವುದು ಸುಮಾರು 400 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. "ತಮಾ, ಆ ಫೈಲು ಓಪನ್ ಆಗ್ತಾ ಇಲ್ಲೆ ನೋಡು" ಅಂತ ಫೋನ್ ಬಂದಾಗೆಲ್ಲ, ಇಲ್ಲಿಂದಲೇ ಆ ಮೌಸ್ ಹಿಡಿಯುವ ಹಾಗಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸುತ್ತಿತ್ತು. ಈಗ ಹಿಡಿಯುತ್ತೇನೆ.

ಅಪ್ಪನ ಫೋನಿಗೆ ಕರೆ ಮಾಡಬಹುದು, ಯಾಕೆಂದರೆ ಅದಕ್ಕೊಂದು ನಂಬರ್ ಇದೆ. ಆ ಕಂಪ್ಯೂಟರಿಗೆ ಹೊರಗಿನವರು ಕರೆಯಬಹುದಾದ ನಂಬರೇ ಇಲ್ಲ. ಕಷ್ಟ ಇರುವುದೇ ಇಲ್ಲಿ.

ಇಂಟರ್ನೆಟ್ಟಿನ ಹಳೆಯ ವಿಳಾಸ ಪದ್ಧತಿ ಐಪಿವಿ4. ಅದರಲ್ಲಿ ಇರುವ ವಿಳಾಸಗಳೇ ಒಟ್ಟು ಸುಮಾರು 430 ಕೋಟಿ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನಿನ ಕೊನೆಯ ಕಂತೂ ಹಂಚಿಹೋಯಿತು. ಹಾಗಾಗಿ ಒಂದು ಮನೆಗೆ ಸಿಕ್ಕರೆ ಒಂದು ವಿಳಾಸ, ಅದು ರೂಟರ್ ಹತ್ತಿರ ಇರುತ್ತದೆ. ಒಳಗಿನ ಫೋನು, ಟಿವಿ, ಕಂಪ್ಯೂಟರಿಗೆಲ್ಲ ಸಾಮಾನ್ಯವಾಗಿ 192.168 ಅಂತ ಶುರುವಾಗುವ ಮನೆಬಳಕೆಯ ನಂಬರು. ನಿಮ್ಮ ಮನೆಯಲ್ಲಿ 192.168.1.5 ಇದ್ದರೆ ಪಕ್ಕದ ಮನೆಯಲ್ಲೂ ಅದೇ ಇರಬಹುದು. ಹಳೇ ಬೆಂಗಳೂರಿನ ವಠಾರ ನೆನಪಿಸಿಕೊಳ್ಳಿ. ಬೀದಿಗೆ ಒಂದೇ ಬಾಗಿಲು, ಒಂದೇ ಡೋರ್ ನಂಬರು, ಒಳಗೆ ಹತ್ತು ಸಂಸಾರ. ಒಳಗಿನವರು ಯಾರಿಗಾದರೂ ಕಾಗದ ಹಾಕಿದರೆ ರೂಟರ್ ಅದನ್ನು ಗುರುತು ಹಾಕಿಕೊಳ್ಳುತ್ತದೆ, ಉತ್ತರ ಬಂದಾಗ ಸರಿಯಾದ ಮನೆಗೇ ಮುಟ್ಟಿಸುತ್ತದೆ. ಆದರೆ ಯಾರೂ ಬರೆಯದೆ ಹೊರಗಿನಿಂದ ತಾನಾಗಿಯೇ ಬಂದ ಕಾಗದವನ್ನು ಯಾರಿಗೆ ಕೊಡಬೇಕೋ ಅದಕ್ಕೆ ಗೊತ್ತಿಲ್ಲ. ಎಸೆದುಬಿಡುತ್ತದೆ.

ಈಗಂತೂ ಜಾಸ್ತಿ ಇಂಟರ್ನೆಟ್ ಕಂಪನಿಗಳು ನೂರಾರು ಮನೆಗಳನ್ನು ಸೇರಿಸಿ ಇನ್ನೊಂದು ದೊಡ್ಡ ವಠಾರದೊಳಗೆ ಕೂರಿಸುತ್ತವೆ. ನಿಮ್ಮ ರೂಟರಿನ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವೂ ಅದರೊಳಗೆ ಇದ್ದೀರಿ. ಹೊಸ ಪದ್ಧತಿ ಐಪಿವಿ6ನಲ್ಲಿ ವಿಳಾಸಕ್ಕೆ ಬರವಿಲ್ಲ, ಆದರೂ ರೂಟರಿನ ಫೈರ್‌ವಾಲ್ ಸಾಮಾನ್ಯವಾಗಿ ಕರೆಯದವರನ್ನು ಬಾಗಿಲಲ್ಲೇ ತಡೆಯುತ್ತದೆ.

ಹಾಗಾದರೆ ಬಾಗಿಲನ್ನೇ ತೆರೆದಿಟ್ಟರೆ? ಮನೆಗೆ ಸ್ವಂತ ವಿಳಾಸ ಇದ್ದ ಕಾಲದಲ್ಲಿ ನಾನು ಮಾಡಿದ್ದು ಅದನ್ನೇ. "22ನೇ ಪೋರ್ಟಿಗೆ ಬಂದದ್ದನ್ನೆಲ್ಲ ಈ ಕಂಪ್ಯೂಟರಿಗೆ ಕಳಿಸು" ಅಂತ ರೂಟರಿಗೆ ಹೇಳಿಟ್ಟೆ. ಒಂದೊಂದು ಕೆಲಸಕ್ಕೆ ಇರುವ ನಂಬರಿನ ಬಾಗಿಲಿಗೇ ಪೋರ್ಟ್ ಅನ್ನುತ್ತಾರೆ. 22 ಅನ್ನುವುದು, ದೂರದ ಕಂಪ್ಯೂಟರನ್ನು ಸುರಕ್ಷಿತವಾಗಿ ನಡೆಸುವ ಎಸ್‌ಎಸ್‌ಎಚ್‌ನ ಬಾಗಿಲು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಕೂತು ಪಾಸ್‌ವರ್ಡ್ ಕದಿಯುತ್ತಿದ್ದರು. ದೂರದ ಕಂಪ್ಯೂಟರಿಗೆ ಹೋಗಲು ಆಗ ಬಳಸುತ್ತಿದ್ದ ಟೆಲ್ನೆಟ್ ಪಾಸ್‌ವರ್ಡನ್ನು ಹಾಗೇ ಬಿಚ್ಚಿಟ್ಟು ಕಳಿಸುತ್ತಿತ್ತು. ಅದನ್ನು ತಡೆಯಲು ಅಲ್ಲಿನ ತಾತು ಯುಲೋನೆನ್ ಬರೆದದ್ದು ಎಸ್‌ಎಸ್‌ಎಚ್. ಫೈಲು ಕಳಿಸುವ ಎಫ್‌ಟಿಪಿಯದು 21, ಟೆಲ್ನೆಟ್ಟಿನದು 23, ನಡುವೆ ಖಾಲಿ ಇದ್ದ 22 ಕೇಳಿದರು, ಸಿಕ್ಕಿತು.

ಮಾರನೇ ಬೆಳಿಗ್ಗೆ ಲಾಗ್, ಅಂದರೆ ಯಾರು ಬಾಗಿಲಿಗೆ ಬಂದಿದ್ದರು ಅನ್ನುವ ದಾಖಲೆ, ತೆಗೆದು ನೋಡಿದೆ. ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹಾಕಿ, ಪಾಸ್‌ವರ್ಡ್ ಊಹಿಸಿ, ಯಾರ್ಯಾರೋ ಸಾವಿರಾರು ಸಲ ಬಾಗಿಲು ಬಡಿದಿದ್ದರು. ನಮ್ಮ ಮನೆ ಯಾರಿಗೆ ಗೊತ್ತು ಅಂದುಕೊಂಡಿದ್ದೆ. ಆದರೆ 2013ರಲ್ಲೇ ಮಿಶಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಅನ್ನುವ ಸಾಫ್ಟ್‌ವೇರ್ ಬರೆದು ತೋರಿಸಿದ್ದರು. ಒಂದೇ ಕಂಪ್ಯೂಟರಿನಿಂದ, 45 ನಿಮಿಷದೊಳಗೆ, ಇಡೀ ಐಪಿವಿ4 ಲೋಕದ ಪ್ರತಿ ವಿಳಾಸದ ಒಂದು ಬಾಗಿಲನ್ನು ತಟ್ಟಿ ಬರಬಹುದು! ಅವತ್ತೇ ಪೋರ್ಟ್ ಮುಚ್ಚಿದೆ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್‌ಗೆ ಅಂತ 3389 ತೆರೆದಿಟ್ಟವರಿದ್ದರೆ ದಯವಿಟ್ಟು ಇವತ್ತೇ ಮುಚ್ಚಿ.

ಮತ್ತೆ ಒಳಗೆ ಹೋಗುವುದು ಹೇಗೆ? ಇಡೀ ವಿಷಯದಲ್ಲಿ ನನಗೆ ತುಂಬ ಇಷ್ಟದ ಭಾಗ ಇದು. ಹೊರಗಿನಿಂದ ಒಳಗೆ ಬರಲು ಆಗದು, ಆದರೆ ಒಳಗಿನಿಂದ ಹೊರಗೆ ಹೋಗಬಹುದು ಅಲ್ವಾ? ಹಾಗಾಗಿ ಎರಡೂ ಕಡೆಯವರು ಹೊರಡುತ್ತಾರೆ. ಅಪ್ಪನ ಕಂಪ್ಯೂಟರು ಮತ್ತು ನನ್ನ ಲ್ಯಾಪ್‌ಟಾಪು ಇಬ್ಬರಿಗೂ ಗೊತ್ತಿರುವ ಒಂದು ಸರ್ವರಿಗೆ ವರದಿ ಒಪ್ಪಿಸುತ್ತವೆ. ಆ ಸರ್ವರ್ ಒಬ್ಬರ ಹೊರಬಾಗಿಲಿನ ವಿಳಾಸ ಇನ್ನೊಬ್ಬರಿಗೆ ಕೊಡುತ್ತದೆ. ಆಮೇಲೆ ಎರಡೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಪರಸ್ಪರ ಕಾಗದ ಹಾಕುತ್ತವೆ. ನನ್ನದು ಅಲ್ಲಿ ಮುಟ್ಟುವಾಗ ಊರಿನ ರೂಟರ್ "ಓ, ನಮ್ಮವರು ಬರೆದದ್ದಕ್ಕೆ ಉತ್ತರ ಬಂತು" ಅಂದುಕೊಂಡು ಒಳಗೆ ಬಿಡುತ್ತದೆ. ನನ್ನ ಕಡೆಯೂ ಹಾಗೆಯೇ. ಇದಕ್ಕೆ ಹೋಲ್ ಪಂಚಿಂಗ್ ಅನ್ನುತ್ತಾರೆ. ನಾನು ಬಳಸುವ ಟೇಲ್‌ಸ್ಕೇಲ್ ಅನ್ನುವ ಸಾಫ್ಟ್‌ವೇರ್ ಇದನ್ನೇ ಮಾಡುತ್ತದೆ. ನಡುವೆ ಹೋಗುವ ಮಾತನ್ನೆಲ್ಲ ಅದರೊಳಗಿನ ವೈರ್‌ಗಾರ್ಡ್ ಅನ್ನುವ ಗೂಢಲಿಪಿ ವ್ಯವಸ್ಥೆ ಗುಟ್ಟಾಗಿಡುತ್ತದೆ. ಕೆಲವು ರೂಟರ್‌ಗಳು ಇದಕ್ಕೆ ಒಗ್ಗುವುದಿಲ್ಲ. ಆಗ ನಡುವಿನ ರಿಲೇ ಸರ್ವರ್ ಮಾತನ್ನು ದಾಟಿಸುತ್ತದೆ, ಆದರೆ ಓದಲಾರದು. ಆ ರಿಲೇ ಸಿಂಗಪುರದಲ್ಲಿದ್ದರೆ ಅಡಿಕೆ ಲೆಕ್ಕ ಸಮುದ್ರ ದಾಟಿ ಹೋಗಿ ಬರಬೇಕು, ಮೌಸ್ ತಡವರಿಸುತ್ತದೆ ಅಷ್ಟೆ.

ಇದೆಲ್ಲ ಆಗುವುದು ಕಂಪ್ಯೂಟರ್ ಎಚ್ಚರ ಇದ್ದರೆ ಮಾತ್ರ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತೇ ಇದೆ. ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ, ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗು ಅನ್ನುವ ಸೆಟ್ಟಿಂಗ್ ಇರುತ್ತದೆ, ಅದನ್ನು ಹಾಕಿಟ್ಟಿದ್ದೇನೆ.

ಇನ್ನೊಂದು ವಿಷಯ. ಬಾಗಿಲು ಒಳಗಿನಿಂದ ಮಾತ್ರ ತೆರೆಯುತ್ತದೆ ಅನ್ನುವುದು ಕಳ್ಳರಿಗೂ ಗೊತ್ತು. ಅದಕ್ಕೇ ಅವರು ಬಾಗಿಲು ಒಡೆಯುವುದಿಲ್ಲ, ಫೋನ್ ಮಾಡಿ ತೆರೆಯಲು ಹೇಳುತ್ತಾರೆ. ಬ್ಯಾಂಕಿನವರು ಅಂತ ಹೇಳಿಕೊಂಡು, ದೂರದಿಂದ ಫೋನ್ ನಡೆಸಲು ಬಿಡುವ ಎನಿಡೆಸ್ಕ್ ಆ್ಯಪ್ ಹಾಕಿಸಿ, ಅದರಲ್ಲಿ ಬರುವ 9 ಅಂಕಿಯ ಕೋಡ್ ಕೇಳಿ ಹಣ ದೋಚುತ್ತಿದ್ದ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು. ಆ ಆ್ಯಪ್ ಕೆಟ್ಟದ್ದಲ್ಲ, ಕೋಡ್ ಯಾರ ಕೈಗೆ ಹೋಯಿತು ಅನ್ನುವುದರಲ್ಲಿ ಎಲ್ಲ ಇದೆ. ಅಪ್ಪನಿಗೆ ಹೇಳಿಟ್ಟಿದ್ದೇನೆ: ಸ್ಕ್ರೀನ್ ತೋರಿಸಿ ಅಂತ ಯಾರೇ ಕೇಳಲಿ, ನನ್ನ ಹೆಸರೇ ಹೇಳಲಿ, ಫೋನ್ ಇಟ್ಟು ನೀವೇ ನನಗೆ ವಾಪಸ್ ಮಾಡಿ.